ಕಿವಿ ಹೋದ ಕಾರಣ

ಪೆರಿಯನಾಯಕಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮಿಲ್ಲಿನವರ ಕಣ್ಣಿಗೆ ಬೀಳಲು ಹತ್ತೊಂಬತ್ತು ವರ್ಷ ಬೇಕಾಯಿತು. ಅದೂ ಯೂನಿಯನ್ನಿನವರು ಅರ್ಜಿ ಬರೆದು, ಅರ್ಜಿಯ ಮೇಲೆ ಠಸ್ಸೆ ಬಿದ್ದ ಮೇಲೆ. ಅಲ್ಲಿಯವರೆಗೆ ಆ ಕಿವಿ ಯಾರಿಗೂ ಬೇಕಾಗಿರಲಿಲ್ಲ. ಮಗ್ಗಕ್ಕೆ ಬೇಕಾದದ್ದು ಅವಳ ಕೈ, ಕಾಲು, ಸೊಂಟ. ಕಿವಿಯನ್ನು ಮನೆಯಲ್ಲಿಟ್ಟು ಬಂದಿದ್ದರೂ ಕೆಲಸ ನಡೆಯುತ್ತಿತ್ತು.

ಕೊಯಮತ್ತೂರಿನ ಹತ್ತಿರದ ಸೂಲೂರಿನ ಆಚೆ, ರಸ್ತೆಯಿಂದ ಒಳಗೆ ಆ ಮಿಲ್ಲು. ತಗಡಿನ ಸೂರಿನ ಉದ್ದನೆಯ ಶೆಡ್ಡು. ಅದರಲ್ಲಿ ತೊಂಬತ್ತಾರು ಮಗ್ಗ. ಒಂದೊಂದು ಮಗ್ಗದಲ್ಲೂ ಮರದ ಲಾಳಿ ಹೊಡೆತ ತಿಂದು ಈ ಕಡೆಯಿಂದ ಆ ಕಡೆಗೆ ಓಡುತ್ತದೆ, ಅಲ್ಲಿ ಇನ್ನೊಂದು ಹೊಡೆತ ತಿಂದು ವಾಪಸ್ಸು ಬರುತ್ತದೆ. ನಿಮಿಷಕ್ಕೆ ನೂರ ಎಪ್ಪತ್ತು ಹೊಡೆತ. ತೊಂಬತ್ತಾರರಿಂದ ಗುಣಿಸಿ ನೋಡಿ. ಗುಣಿಸಲು ಬಾರದವರು ಒಳಗೆ ಹೋಗಿ ಐದು ನಿಮಿಷ ನಿಂತು ಬನ್ನಿ. ಮ್ಯಾನೇಜರ್ ತಂಗವೇಲು ಅಷ್ಟು ಹೊತ್ತು ನಿಂತದ್ದಿಲ್ಲ. ಬಾಗಿಲಲ್ಲೇ ನಿಂತು ಮೇಸ್ತ್ರಿಗೆ ಕೈಸನ್ನೆ ಮಾಡಿ ಹೋಗಿಬಿಡುತ್ತಿದ್ದ.

ಅವಳು ಶೆಡ್ಡಿಗೆ ಸೇರಿದ್ದು ಇಪ್ಪತ್ತನಾಲ್ಕನೆಯ ವಯಸ್ಸಿಗೆ. ನೇಯ್ಗೆಯ ಕುಲ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಯಾವ ಕಾಲದಲ್ಲಿ ಯಾವ ದೊರೆಯ ಕಾಟಕ್ಕೆ ಈ ಸೀಮೆಗೆ ಬಂದರೋ ಹೇಳುವವರಿಲ್ಲ, ಕನ್ನಡದ ಅಕ್ಷರ ಹೇಗಿರುತ್ತದೆಂದು ಅವಳ ಮನೆಯಲ್ಲಿ ಯಾರೂ ಕಂಡಿಲ್ಲ. ಅಪ್ಪನ ಕೈಮಗ್ಗ ನಿಂತುಹೋದ ಮೇಲೆ ಅವಳು ಮಿಲ್ಲಿಗೆ ಬಂದಳು. ಎರಡು ಮಗ್ಗ ಅವಳ ಪಾಲಿಗೆ. ಎಂಟು ಗಂಟೆ ನಿಂತೇ ಇರಬೇಕು. ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಹಾಕಿ, ಲಾಳಿಯ ತೂತಿಗೆ ಬಾಯಿಟ್ಟು ಉಸಿರಿನಿಂದ ನೂಲು ಹೀರಿ ಹೊರಗೆಳೆಯಬೇಕು. ದಿನಕ್ಕೆ ಇನ್ನೂರು ಸಲ ಹೀರಿದರೆ ನೂರು ಸಲ ಹಿಂಜು ಗಂಟಲಿಗೆ ಇಳಿಯುತ್ತದೆ. ಉಗುಳಿದರೆ ಹತ್ತಿ, ಸೀನಿದರೆ ಹತ್ತಿ. ಮೊದಲ ವಾರ ಮನೆಗೆ ಹೋಗಿ ವಾಂತಿ ಮಾಡಿಕೊಂಡಳು. ಮೂರನೆಯ ವರ್ಷ ಕಿವಿಯೊಳಗೆ ಜೀರುಂಡೆ ಕೂತಿತು. ಮಲಗಿದರೂ ಕೂಗು, ಎದ್ದರೂ ಕೂಗು. ಹತ್ತನೆಯ ವರ್ಷಕ್ಕೆ ಜೀರುಂಡೆ ಉಳಿಯಿತು, ಉಳಿದದ್ದೆಲ್ಲ ಹೋಯಿತು.

ಆದರೂ ಅವಳಿಗೆ ಮಾತಿಗೇನೂ ಬರವಿರಲಿಲ್ಲ. ಶೆಡ್ಡಿನಲ್ಲಿ ಗಂಟಲು ಯಾವ ಕೆಲಸಕ್ಕೂ ಬಾರದು. ಅಲ್ಲಿ ಮಾತೆಂದರೆ ತುಟಿ, ಹಲ್ಲು, ನಾಲಿಗೆ. ನಾಲ್ಕು ಸಾಲಿನ ಆಚೆಗಿರುವವಳು ದನಿಯಿಲ್ಲದೆ ಬಾಯಾಡಿಸಿದರೆ ಈಚೆಗಿರುವವಳಿಗೆ ಅವಳ ಸೊಸೆಯ ಸುದ್ದಿ ಪೂರ್ತಿ ತಿಳಿಯುತ್ತದೆ. ಹೆಣ್ಣು ನೋಡಿದ್ದು, ಹೆರಿಗೆಯಾದದ್ದು, ಯಾರ ಮನೆಗೆ ಯಾರು ಹೋಗಿ ಬಂದದ್ದು, ಎಲ್ಲ ಆ ಸದ್ದಿನ ನಡುವೆ ಸದ್ದಿಲ್ಲದೆ ಸಾಗುತ್ತಿತ್ತು. ತಂಗವೇಲು ಬಾಗಿಲಿಗೆ ಬಂದಾಗ ನಗುಮುಖದಲ್ಲೇ ಅವನ ಅಪ್ಪ ತಾತನವರೆಗೆ ಬೈದು, ಮತ್ತೆ ನಮಸ್ಕಾರ ಮಾಡುತ್ತಿದ್ದರು. ಅವನು ತಲೆಯಾಡಿಸಿ ಹೋಗುತ್ತಿದ್ದ. ಇವರಿಗೆ ಇಂಥದೊಂದು ವಿದ್ಯೆ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಒಳಗೆ ನಿಲ್ಲಬೇಕಿತ್ತಲ್ಲ.

ಶೆಡ್ಡಿನ ಹೊರಗೆ ಬದುಕು ಬೇರೆ. ಬಸ್ಸಿನ ಕಂಡಕ್ಟರ್ ಬೆನ್ನ ಹಿಂದೆ ಕೂಗುತ್ತಾನೆ, ಇವಳು ತಿರುಗುವುದಿಲ್ಲ. ಆಮೇಲೆ ಭುಜ ಹಿಡಿದು ಅಲ್ಲಾಡಿಸುತ್ತಾನೆ, ಬಸ್ಸೆಲ್ಲ ನಗುತ್ತದೆ. ಅಂಗಡಿಯವನು ಕಿವುಡಿ ಎಂದೇ ಕರೆಯುತ್ತಾನೆ. ಅವನ ತುಟಿಯನ್ನು ಅವಳು ಓದಬಲ್ಲಳೆಂದು ಅವನಿಗೂ ತಿಳಿಯದು. ಅವಳೂ ಹೇಳಲು ಹೋಗಲಿಲ್ಲ.

ಮನೆಯಲ್ಲಿ ಗಂಡ ಲಿಂಗಸಾಮಿ ಇದ್ದ. ಅವನು ಅವಳ ತಾಯಿಯ ತಮ್ಮ, ಸೋದರಮಾವ. ಹುಟ್ಟಿದಾಗಲೇ ತೊಟ್ಟಿಲ ಬಳಿ ನಿಂತು ಇವಳು ನನ್ನವಳು ಎಂದಿದ್ದನಂತೆ. ಅವರ ಜನದಲ್ಲಿ ಅದು ಹಕ್ಕು, ಹೆಣ್ಣಿಗೂ ಅದು ಮರ್ಯಾದೆ. ಮದುವೆಯಾದ ಮೇಲೂ ಅವಳು ಅವನನ್ನು ಮಾವ ಎಂದೇ ಕರೆದಳು. ಕಿವಿ ಹೋದ ಮೇಲೆ ಅವನೊಬ್ಬನೇ ಎದುರಿಗೆ ಬಂದು ಕೂತು, ಮುಖ ತೋರಿಸಿ, ನಿಧಾನಕ್ಕೆ ಮಾತಾಡುತ್ತಿದ್ದವನು. ಎರಡು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ದನಿ ಮಾತ್ರ ಉಳಿಯಿತು. ಮಗಳು ಶಿವಗಾಮಿಗೆ ಅವನ ಮಾತು ಮುಕ್ಕಾಲು ತಿಳಿಯುತ್ತಿತ್ತು. ಪೆರಿಯನಾಯಕಿಗೆ ಒಂದಕ್ಷರವೂ ತಿಳಿಯದು. ಊರೆಲ್ಲರ ಬಾಯಿ ಓದಬಲ್ಲವಳಿಗೆ ಸ್ವಂತ ಗಂಡನ ಬಾಯಿ ಓದಲಾಗದೆ ಹೋಯಿತು.

ಒಂದು ಬೆಳಿಗ್ಗೆ ಗಂಜಿ ಬಸಿದ ಪಾತ್ರೆಯನ್ನು ಮಂಚದ ಪಕ್ಕ ಇಟ್ಟು, ಬೆನ್ನು ತಿರುಗಿಸಿ ಒರಳಲ್ಲಿ ಹಿಟ್ಟು ರುಬ್ಬುತ್ತಿದ್ದಳು. ನೀರಿಗೆ ಕೈ ಚಾಚಿದ ಲಿಂಗಸಾಮಿ ಮಂಚದಿಂದ ಉರುಳಿದ. ಬಿಸಿ ಗಂಜಿ ತೊಡೆಯ ಮೇಲೆ ಬಿತ್ತು. ಅವನು ಕೂಗಿದ. ಕೂಗುತ್ತಲೇ ಇದ್ದ. ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಶಿವಗಾಮಿಗೆ ಬೀದಿಯ ಮೂಲೆಯಲ್ಲೇ ಆ ಕೂಗು ಕೇಳಿಸಿತು, ಓಡಿ ಬಂದಳು. ಮೂರು ಮೊಳ ದೂರದಲ್ಲಿ ಕೂತವಳು ರುಬ್ಬುತ್ತಲೇ ಇದ್ದಳು. ಮಗಳು ಭುಜ ಹಿಡಿದು ತಿರುಗಿಸಿದಾಗ ಅವನ ತೊಡೆಯ ಚರ್ಮ ಸುಲಿದು ನೆಲಕ್ಕೆ ಅಂಟಿತ್ತು. ಅಂದಿನಿಂದ ಪೆರಿಯನಾಯಕಿಗೆ ಒಂದೇ ಆಸೆ. ಜಗತ್ತಿನ ಬೇರೆ ಯಾವ ಸದ್ದೂ ಬೇಡ, ಮಾವ ಕೂಗಿದರೆ ಕೇಳಿಸಬೇಕು.

ಅದೇ ಹೊತ್ತಿಗೆ ಯೂನಿಯನ್ನಿನ ವೆಲ್ಲಿಂಗಿರಿ ಶೆಡ್ಡಿನ ಹದಿನಾಲ್ಕು ಜನರ ಹೆಸರು ಬರೆದು ಅರ್ಜಿ ಹಾಕಿದ್ದ. ಸದ್ದಿನಿಂದ ಕಿವಿ ಹೋದರೆ ಅದೂ ಕೆಲಸದ ಗಾಯ, ಕೈ ಕತ್ತರಿಸಿದಷ್ಟೇ ಗಾಯ ಎಂದು ಕಾನೂನು ಬಂದಿದೆ ಅಂತ ಅವನ ವಾದ. ಅರ್ಜಿ ಹೋಗಿ ತಿಂಗಳಾಗುವುದರೊಳಗೆ ಮಿಲ್ಲಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ಊರಿನ ದೊಡ್ಡವರ ಸಂಘವೊಂದರ ಜೊತೆ ಸೇರಿ ಹದಿನಾಲ್ಕು ಜನಕ್ಕೂ ಕಿವಿಯ ಯಂತ್ರ ಪುಕ್ಕಟೆ ಕೊಡುತ್ತೇವೆ ಎಂದು ತಂಗವೇಲು ಸಾರಿದ. ಕೊಯಮತ್ತೂರಿನಲ್ಲಿ ಕಿವಿ ಪರೀಕ್ಷೆ ಮಾಡುವ ಓದಿದ ಹುಡುಗ ಇದ್ದಾನೆ, ವ್ಯಾನು ಮಿಲ್ಲಿನದು, ಊಟ ಮಿಲ್ಲಿನದು. ಯಂತ್ರ ತಗೊಳ್ಳಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ವೆಲ್ಲಿಂಗಿರಿ ಮನೆಮನೆಗೆ ಬಂದು ಹೇಳಿಹೋದ. ಪೆರಿಯನಾಯಕಿ ತಲೆಯಾಡಿಸಿದಳು. ಅವಳ ಮನಸ್ಸು ಆಗಲೇ ಯಂತ್ರದ ಮೇಲಿತ್ತು.

ಪರೀಕ್ಷೆ ಮಾಡುವವನ ಹೆಸರು ಗೋಪಾಲಸಾಮಿ. ಆಡಿಯಾಲಜಿಸ್ಟ್ ಎಂದು ಬೋರ್ಡಿನಲ್ಲಿತ್ತು, ಎಲ್ಲರೂ ಡಾಕ್ಟರೇ ಎಂದರು. ಇಸ್ತ್ರಿ ಮಾಡಿದ ಅಂಗಿ, ಮೆದು ಮುಖ. ಮೊದಲ ಭಾನುವಾರ ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ ವಿಚಾರಿಸಿದ. ಪೆರಿಯನಾಯಕಿಯ ಮುಖ ನೋಡಿಯೇ ಮಾತಾಡಿದ. ಅಷ್ಟಕ್ಕೇ ಅವಳಿಗೆ ಅವನ ಮೇಲೆ ಅಕ್ಕರೆ ಬಂತು. ಚಿಕ್ಕಂದಿನಲ್ಲಿ ಜ್ವರ ಬಂದಿತ್ತೇ, ಕಿವಿ ಸೋರುತ್ತಿತ್ತೇ, ಮನೆಯಲ್ಲಿ ಬೇರೆ ಯಾರಾದರೂ ಕಿವುಡರೇ ಎಂದ. ಇಲ್ಲ ಎಂದಳು. ಮದುವೆ ಸಂಬಂಧದಲ್ಲೋ ಹೊರಗಿನದೋ ಎಂದ. ಅವಳು ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, ನನ್ನ ತಾಯಿಯ ಸ್ವಂತ ತಮ್ಮ, ನನ್ನ ತಾಯಿ ಕಟ್ಟಿಕೊಂಡದ್ದೂ ಅವಳ ಮಾವನನ್ನೇ, ನಮ್ಮಲ್ಲಿ ಹೊರಗೆ ಕೊಡುವ ಪದ್ಧತಿಯಿಲ್ಲ ಎಂದು ಹೇಳಿದಳು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು, ಒಳ್ಳೆಯ ಮನೆತನ ಅಂತ ಗೊತ್ತಾಗಲಿ ಎಂದು. ಗೋಪಾಲಸಾಮಿ ಬರೆದುಕೊಂಡ. ಆಮೇಲೆ ತಣ್ಣನೆಯ ಗುಲಾಬಿ ಬಣ್ಣದ ಹಿಟ್ಟನ್ನು ಕಿವಿಯೊಳಗೆ ತುಂಬಿ, ಗಟ್ಟಿಯಾದ ಮೇಲೆ ತೆಗೆದು ಅಚ್ಚು ಮಾಡಿಕೊಂಡ. ಹದಿನೈದು ದಿನ ಬಿಟ್ಟು ಬನ್ನಿ, ಪರೀಕ್ಷೆ ಮುಗಿಸಿ ಯಂತ್ರ ಕಟ್ಟುತ್ತೇನೆ ಎಂದ.

ಆ ಹದಿನೈದು ದಿನ ಅವಳು ಲಿಂಗಸಾಮಿಗೆ ದಿನಕ್ಕೆ ಎರಡು ಸಲ ಹೇಳಿದಳು, ಇನ್ನು ಇಷ್ಟು ದಿನ, ಇನ್ನು ಇಷ್ಟು ದಿನ ಎಂದು. ಅವನು ಎಡಗೈ ಎತ್ತಿ ಬೆರಳು ಮಡಿಸಿ ಲೆಕ್ಕ ತೋರಿಸುತ್ತಿದ್ದ.

ಎರಡನೆಯ ಭಾನುವಾರ ಶಿವಗಾಮಿಯೂ ಜೊತೆಗೆ ಬಂದಳು. ಹತ್ತೊಂಬತ್ತರ ಹುಡುಗಿ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಮನೆ ನಡೆಯದೆ ಅವಳನ್ನೂ ಅದೇ ಶೆಡ್ಡಿಗೆ ಸೇರಿಸಿ ಎಂಟು ತಿಂಗಳಾಗಿತ್ತು. ಮಹಡಿಯ ಮೇಲಿನ ಗೋಪಾಲಸಾಮಿಯ ಜಾಗಕ್ಕೆ ಮಿಲ್ಲಿನ ಹೆಸರಿನ ಬಟ್ಟೆ ಕಟ್ಟಿದ್ದರು. ಫೋಟೋ ತೆಗೆಯುವವನೊಬ್ಬ ಬಂದು ಕೂತಿದ್ದ. ಹೊರಗಿನ ಹಾಲಿನ ಬೆಂಚುಗಳ ಮೇಲೆ ಹದಿಮೂರು ಜನ, ಒಳಗೆ ಮೊದಲ ಸರದಿ ಪೆರಿಯನಾಯಕಿಯದು.

ಪರೀಕ್ಷೆಯ ಕೋಣೆ ಒಂದು ಪೆಟ್ಟಿಗೆಯ ಹಾಗಿತ್ತು. ಗೋಡೆಗೆಲ್ಲ ಮೆತ್ತೆ, ಎದುರಿಗೆ ದಪ್ಪ ಗಾಜು. ಗಾಜಿನ ಆಚೆ ಗೋಪಾಲಸಾಮಿ ಮಿಷನ್ನಿನ ಮುಂದೆ. ಕಿವಿ ಮುಚ್ಚುವ ಹಾಗೆ ತಲೆಗೆ ಎರಡು ಬಟ್ಟಲು ಕಟ್ಟಿ, ಸದ್ದು ಕೇಳಿಸಿದಾಗ ಬೆರಳೆತ್ತು ಎಂದಿದ್ದ. ದಪ್ಪ ಸದ್ದುಗಳಿಗೆ ಬೆರಳೆತ್ತಿದಳು. ತೆಳ್ಳನೆಯವಕ್ಕೆ ಎತ್ತಬೇಕೋ ಬೇಡವೋ ತಿಳಿಯಲಿಲ್ಲ. ಯಾವುದು ಮಿಷನ್ನಿನದು, ಯಾವುದು ಒಳಗಿನ ಜೀರುಂಡೆಯದು ಎಂದು ಹೇಗೆ ಹೇಳುವುದು. ಗೋಪಾಲಸಾಮಿ ಚೌಕಳಿ ಕಾಗದದ ಮೇಲೆ ಚುಕ್ಕೆ ಇಡುತ್ತ ಗೆರೆ ಎಳೆಯುತ್ತ ಹೋದ. ಗೆರೆ ಎಡದಿಂದ ಹೊರಟು ಬಲಕ್ಕೆ ಹೋಗುತ್ತ ಬಾವಿಗೆ ಬಿದ್ದಂತೆ ಕೆಳಗಿಳಿಯಿತು.

ಅಷ್ಟರಲ್ಲಿ ತಂಗವೇಲು ಒಳಗೆ ಬಂದು ಅವನ ಪಕ್ಕ ನಿಂತ. ಪೆರಿಯನಾಯಕಿಯ ಕಡೆ ಒಮ್ಮೆ ನೋಡಿದ. ಅವಳ ತಲೆಗೆ ಬಟ್ಟಲು ಕಟ್ಟಿದೆ, ನಡುವೆ ಗಾಜಿದೆ, ಮೇಲಾಗಿ ಕಿವುಡಿ. ಅವನಿಗೇನು ಭಯ. ಅವಳ ಕಡೆ ಮುಖ ಮಾಡಿಯೇ ಮಾತಾಡಿದ. ನುಣ್ಣಗೆ ಬೋಳಿಸಿದ ಬಾಯಿ ಅವನದು. ಒಂದು ಪೊದೆ ಮೀಸೆ ಬಿಟ್ಟಿದ್ದರೆ ಆ ದಿನ ಉಳಿದುಕೊಳ್ಳುತ್ತಿದ್ದ.

ಅಲ್ಲೊಂದು ಇಲ್ಲೊಂದು ಮಾತು ತಪ್ಪಿತು. ಉಳಿದದ್ದೆಲ್ಲ ಶೆಡ್ಡಿನ ನಾಲ್ಕನೆಯ ಸಾಲಿನಿಂದ ಬಂದಷ್ಟೇ ಸ್ಪಷ್ಟವಾಗಿ ಬಂತು.

"ಕಾರಣ ಅನ್ನೋ ಕಡೆ ಸಂಬಂಧದೊಳಗಿನ ಮದುವೆ ಅಂತ ಬರಿ. ಈ ಕನ್ನಡದ ಜನಕ್ಕೆಲ್ಲ ಅದೇ ಬರಿ. ಬೇರೆಯವರಿಗೆ ಜ್ವರ ಅಂತ ಹಾಕು, ವಯಸ್ಸು ಅಂತ ಹಾಕು."

ಗೋಪಾಲಸಾಮಿ ಚೌಕಳಿ ಕಾಗದ ತೋರಿಸಿ ಏನೋ ಹೇಳಿದ. ಅವನ ಮುಖ ಅರೆಯಷ್ಟೇ ಕಾಣುತ್ತಿತ್ತು. ಗೆರೆ ಹೀಗೆ ಬೀಳುವುದು ಸದ್ದಿಗೆ ಎಂದಷ್ಟು ತಿಳಿಯಿತು.

"ಗೆರೆ ನಿನ್ನ ಹತ್ರ ಇರಲಿ. ಸಹಿ ಹಾಕೋ ಕಾಗದದಲ್ಲಿ ನಾನು ಹೇಳಿದ್ದಿರಲಿ. ಇವಳ ಮಗಳೂ ಶೆಡ್ಡಲ್ಲೇ ಇದ್ದಾಳೆ. ನಾಳೆ ಅವಳೂ ಕಿವಿ ಹಿಡ್ಕೊಂಡು ಬರ್ತಾಳೆ. ತಾಯಿದು ವಂಶದ ರೋಗ ಅಂತ ಆದ್ರೆ ಮಗಳದೂ ವಂಶದ್ದೇ. ಅರ್ಜಿ ಅಲ್ಲಿಗೇ ಮುಗೀತು. ನಮ್ಮ ಮಿಲ್ಲಿನ ಜನ ನಿನ್ನ ಹತ್ರ ಬರೋದು ಬೇಕೋ ಬೇಡವೋ?"

ಗೋಪಾಲಸಾಮಿ ತಲೆ ತಗ್ಗಿಸಿದ. ಪೆನ್ನು ತೆಗೆದು ಬರೆದ.

ಪೆರಿಯನಾಯಕಿ ಕೂತೇ ಇದ್ದಳು. ಹತ್ತೊಂಬತ್ತು ವರ್ಷ ನಿಲ್ಲಿಸಿ ದುಡಿಸಿಕೊಂಡವರು ಕಿವಿ ಹೋದ ತಪ್ಪನ್ನು ಈಗ ಅವಳ ಮಾವನ ತಲೆಯ ಮೇಲೆ ಹಾಕಿಬಿಟ್ಟರು. ಮರ್ಯಾದೆ ಎಂದುಕೊಂಡು ತಾನೇ ಎದೆಯೆತ್ತಿ ಹೇಳಿದ್ದನ್ನು ಎತ್ತಿಕೊಂಡು ತನ್ನ ಮುಖಕ್ಕೇ ಹೊಡೆದರು. ತೊಂಡಾಮುತ್ತೂರಿನಲ್ಲಿ ಅಕ್ಕ ನಾಚಿಯಮ್ಮ ಇದ್ದಾಳೆ. ಒಂದೇ ಹೊಟ್ಟೆ, ಅವಳದೂ ಇನ್ನೊಬ್ಬ ಸೋದರಮಾವನ ಜೊತೆಗೇ ಮದುವೆ. ಹೊಲದ ಕೆಲಸ ಅವಳದು. ಹಿತ್ತಿಲಲ್ಲಿ ಹಾವು ಹರಿದರೆ ಅವಳಿಗೆ ಅಡುಗೆ ಮನೆಯಲ್ಲಿ ಕೇಳಿಸುತ್ತದೆ. ಅದನ್ನು ಯಾರೂ ಕೇಳಲಿಲ್ಲ, ಇವಳಿಗೂ ಹೇಳಲು ಹೊಳೆದಿರಲಿಲ್ಲ.

ಆದರೂ, ನಿಜ ಹೇಳಬೇಕೆಂದರೆ, ಅವಳು ಆಗಲೇ ಎದ್ದು ಹೊರಡಲಿಲ್ಲ. ಪಕ್ಕದ ಕೋಣೆಗೆ ಕರೆದಾಗ ಹೋಗಿ ಕುರ್ಚಿಯಲ್ಲಿ ಕೂತಳು, ಶಿವಗಾಮಿಯೂ ಬಂದು ಪಕ್ಕದಲ್ಲಿ ನಿಂತಳು. ಮೇಜಿನ ಮೇಲೆ ಯಂತ್ರ ಕಂಡಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಂದು ತಂತಿ, ತಂತಿಯ ತುದಿಗೆ ಅವಳ ಕಿವಿಯ ಅಚ್ಚು. ಅದನ್ನು ಕಂಡ ಕೂಡಲೆ ಲಿಂಗಸಾಮಿಯ ಸುಲಿದ ತೊಡೆ ಕಣ್ಣ ಮುಂದೆ ಬಂತು. ಬರೆದುಕೊಳ್ಳಲಿ ಹಾಳಾಗಿ ಹೋಗಲಿ ಎಂದುಕೊಂಡಳು. ಬರೆದದ್ದು ಇಂಗ್ಲಿಷಿನ ಕಾಗದದಲ್ಲಿ, ಮಾವನಿಗೆ ಓದಲು ಬಾರದು, ನನಗೂ ಬಾರದು. ಅವನು ಕೂಗಿದರೆ ಕೇಳಿಸಿದರೆ ಸಾಕು.

ಗೋಪಾಲಸಾಮಿ ಬಟ್ಟೆಯ ಪಟ್ಟಿಯಿಂದ ಡಬ್ಬಿಯನ್ನು ಅವಳ ಎದೆಗೆ ಕಟ್ಟಿದ. ಅಚ್ಚನ್ನು ಕಿವಿಯೊಳಗೆ ತಿರುಗಿಸಿ ಕೂರಿಸಿದ. ಈ ಸಲ ಅವನು ಅವಳ ಮುಖ ನೋಡಲಿಲ್ಲ. ಶೆಡ್ಡಿನೊಳಗೆ ಇದನ್ನು ಹಾಕಬೇಡ, ಆ ಸದ್ದು ಇದರಲ್ಲಿ ದುಪ್ಪಟ್ಟಾಗಿ ಕಿವಿಗೆ ಹೊಡೆಯುತ್ತೆ ಎಂದು ಎಚ್ಚರಿಸಿದ. ಆಮೇಲೆ ಡಬ್ಬಿಯ ಗುಂಡಿ ತಿರುಗಿಸಿದ.

ಮೊದಲು ಬರೀ ಸರಸರ. ಆಮೇಲೆ ಏನೋ ಗರಗರ ಎಂದಿತು, ತಲೆಯೆತ್ತಿದಳು, ಫ್ಯಾನು. ಕುರ್ಚಿ ಕಿರ್ ಎಂದಿತು. ತನ್ನ ಉಸಿರು ತನಗೇ ಕೇಳಿಸಿತು. ಅವಳ ಕಣ್ಣು ತುಂಬಿ ಬಂತು. ಸಂತೋಷವೇ ಅದು, ಸುಳ್ಳೇಕೆ ಹೇಳಲಿ. ತಂಗವೇಲು ಬಾಗಿಲಲ್ಲಿ ನಿಂತು ಫೋಟೋದವನಿಗೆ ಸನ್ನೆ ಮಾಡಿದ. ಮೇಜಿನ ಮೇಲೆ ಕಾಗದ ಬಂತು. ಪೆನ್ನು ಕೈಗೆ ಬಂತು. ತನ್ನ ಹೆಸರನ್ನು ಅವಳು ತಮಿಳಿನಲ್ಲಿ ಬರೆಯಬಲ್ಲಳು. ಕಾಗದದ ಮೇಲೆ ಬಾಗಿ ಮೊದಲ ಅಕ್ಷರ ಬರೆದಳು.

ಆಗ ಒಂದು ದನಿ ಕೇಳಿಸಿತು. ಸಣ್ಣಗೆ, ಸ್ವಲ್ಪ ಒಡೆದ ದನಿ. ತಕ್ಷಣ ಯಾರದೆಂದು ತಿಳಿಯಲಿಲ್ಲ. ಕೊನೆಯ ಸಲ ಕೇಳಿದಾಗ ಅದು ಒಂಬತ್ತು ಹತ್ತು ವರ್ಷದ ಹುಡುಗಿಯ ದನಿ. ಶಿವಗಾಮಿ ಮೇಜಿನ ಮೇಲೆ ಬಾಗಿ, ಅವ್ವನಿಗೆ ಇನ್ನೂ ಕೇಳಿಸದು ಎಂದುಕೊಂಡು, ಗೋಪಾಲಸಾಮಿಯನ್ನು ಕೇಳುತ್ತಿದ್ದಳು.

"ಸಾರ್, ನನಗೂ ಮಲಗಿದಾಗ ಕಿವಿಯೊಳಗೆ ಜೀರುಂಡೆ ಕೂಗ್ತದೆ. ಎರಡು ತಿಂಗಳಾಯ್ತು. ಅವ್ವಂಗೆ ಹೇಳಿಲ್ಲ. ಅದೇನಾದರೂ ದೊಡ್ಡ ಕಾಯಿಲೆಯಾ ಸಾರ್?"

ಗೋಪಾಲಸಾಮಿ ಕಾಗದದ ಕಡೆ ನೋಡಿದ.

ಪೆರಿಯನಾಯಕಿಯ ಕೈ ನಿಂತಿತು. ಅವಳಿಗೆ ಬಂದ ಸಿಟ್ಟು ಮೊದಲು ತನ್ನ ಮೇಲೇ. ತನ್ನ ಕೈಯಿಂದಲೇ ಮಗಳನ್ನು ಆ ಶೆಡ್ಡಿಗೆ ನೂಕಿದ್ದಳು. ಈಗ ತನ್ನ ಕೈಯಿಂದಲೇ ಮಗಳ ಕಿವಿಗೂ ಸೇರಿಸಿ ಸಹಿ ಹಾಕುತ್ತಿದ್ದಳು. ನಾಳೆ ಈ ಹುಡುಗಿ ಇದೇ ಕುರ್ಚಿಯಲ್ಲಿ ಬಂದು ಕೂರುತ್ತಾಳೆ, ನಿನ್ನ ಅವ್ವನೇ ಒಪ್ಪಿಕೊಂಡಿದ್ದಾಳಲ್ಲ ಎಂದು ಇದೇ ಕಾಗದ ತೋರಿಸುತ್ತಾರೆ. ಬರೆದ ಒಂದಕ್ಷರದ ಮೇಲೆ ಅಡ್ಡ ಗೀಟು ಎಳೆದಳು. ಕಾಗದ ಹರಿಯುವ ಹಾಗೆ ಎಳೆದಳು.

"ಕಾರಣ ಅಂತ ಏನು ಬರ್ದಿದ್ದೀರ, ಓದಿ" ಎಂದಳು. ಅವಳ ದನಿ ಯಾವಾಗಲೂ ಜೋರು. ತನ್ನ ದನಿ ತನಗೆ ಕೇಳಿಸದವರು ಹಾಗೇ ಮಾತಾಡುವುದು. ಈಗ ಯಂತ್ರದಲ್ಲಿ ಅದು ಅವಳಿಗೇ ಕೇಳಿಸಿತು. ತಗ್ಗಿಸಲಿಲ್ಲ.

ತಂಗವೇಲು ಮುಂದೆ ಬಂದ. ಏನೋ ಡಾಕ್ಟರ್ ಭಾಷೆ, ನಿನಗೆ ತಿಳಿಯಲ್ಲ, ಸಹಿ ಹಾಕಿ ಫೋಟೋಗೆ ನಿಲ್ಲು, ಹಿಂದೆ ಜನ ಕಾಯುತ್ತಿದ್ದಾರೆ ಎಂದ.

"ನನ್ನ ಮಾವನ್ನ ಕಟ್ಟಿಕೊಂಡಿದ್ದಕ್ಕೆ ಕಿವಿ ಹೋಯ್ತು ಅಂತ ಬರ್ದಿದ್ದೀರ. ಹೊರಗೆ ಕೂತಿದಾನಲ್ಲ ಮಾರಪ್ಪನ್, ಅವನಿಗೆ ಮದುವೇನೇ ಆಗಿಲ್ಲ. ಅವನು ಯಾವ ಮಾವನ್ನ ಕಟ್ಟಿಕೊಂಡ ಸಾರ್? ನನಗೆ ಮಾವ, ಅವನಿಗೆ ಜ್ವರ. ನಿಮ್ಮ ತೊಂಬತ್ತಾರು ಮಗ್ಗಕ್ಕೆ ಏನೂ ಇಲ್ವಾ?"

ತಂಗವೇಲುವಿನ ಮುಖ ಕಪ್ಪಿಟ್ಟಿತು. ಯಾರು ಹೇಳಿದ್ದು ಎಂದು ಗೋಪಾಲಸಾಮಿಯ ಕಡೆ ತಿರುಗಿದ. ಅವನು ಎರಡೂ ಕೈ ಎತ್ತಿ ನಾನಲ್ಲ ಎಂದ.

"ನೀವೇ ಹೇಳಿದ್ರಿ. ಗಾಜಿನ ಆಚೆ ನಿಂತು, ನನ್ನ ಮುಖ ನೋಡಿಕೊಂಡೇ ಹೇಳಿದ್ರಿ. ಬಾಯಿ ಓದೋದು ನಿಮ್ಮ ಶೆಡ್ಡೇ ನಮಗೆ ಕಲಿಸಿದ್ದು. ಕಿವಿ ಕಿತ್ಕೊಂಡು ಕಲಿಸಿದ್ದು."

ಆಮೇಲೆ ತಂಗವೇಲು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದ, ಸಹಿ ಇಲ್ಲದೆ ಯಂತ್ರವಿಲ್ಲ, ಬಿಚ್ಚಿಟ್ಟು ನಡಿ ಎಂದು. ಆ ಯಂತ್ರದಲ್ಲಿ ಅವಳು ಕೇಳಿದ ಕೊನೆಯ ಮಾತು ಅದು. ಶಿವಗಾಮಿ ಅವಳ ಕೈ ಹಿಡಿದು, ಅವ್ವಾ, ಅಪ್ಪನ್ನ ನೆನಸ್ಕೋ, ಹಾಕ್ಬಿಡು ಎಂದು ಅಳುತ್ತ ಹೇಳಿದ್ದನ್ನು ಅವಳು ತುಟಿಯಲ್ಲಿ ಓದಿದಳು. ಅಷ್ಟು ಹೊತ್ತಿಗೆ ಅಚ್ಚನ್ನು ಕಿವಿಯಿಂದ ಕಿತ್ತಾಗಿತ್ತು. ಪಟ್ಟಿಯ ಗಂಟು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು.

ಡಬ್ಬಿಯ ಪಕ್ಕದಲ್ಲೇ ಗೆರೆ ಎಳೆದ ಚೌಕಳಿ ಕಾಗದ ಇತ್ತು. ಅದನ್ನು ತೆಗೆದುಕೊಂಡಳು. ತಂಗವೇಲು ಅವಳ ಮಣಿಕಟ್ಟು ಹಿಡಿದ. ಹತ್ತೊಂಬತ್ತು ವರ್ಷ ಮಗ್ಗ ಎಳೆದು ನಿಲ್ಲಿಸಿದ ಮಣಿಕಟ್ಟು, ಅವನ ಹಿಡಿತಕ್ಕೆ ನಿಲ್ಲಲಿಲ್ಲ. ಇದು ನನ್ನ ಕಿವಿಯ ಗೆರೆ, ನನ್ನ ಹತ್ರ ಇರುತ್ತೆ ಎಂದಳು. ಗೋಪಾಲಸಾಮಿ ಅದನ್ನು ವಾಪಸ್ಸು ಕೇಳಲಿಲ್ಲ. ಅವನ ಪರವಾಗಿ ಹೇಳಬಹುದಾದದ್ದು ಅಷ್ಟೇ.

ಹಾಲಿನ ಬಾಗಿಲಲ್ಲಿ ಬಂದು ನಿಂತಳು. ಬೆಂಚುಗಳ ಮೇಲೆ ಹದಿಮೂರು ಜನ ಅವಳ ಮುಖ ನೋಡುತ್ತಿದ್ದರು. ಹಿಂದೆಯೇ ಬಂದ ತಂಗವೇಲು ಕಿರುಚುತ್ತಿದ್ದ. ಅವಳು ದನಿ ತೆಗೆಯಲಿಲ್ಲ. ಶೆಡ್ಡಿನಲ್ಲಿ ಮಾತಾಡುವ ಹಾಗೆ ಬರೀ ಬಾಯಾಡಿಸಿದಳು. ಕಾಗದದಲ್ಲಿ ಯಾರಿಗೆ ಏನು ಬರೆಯುತ್ತಾರೆ, ಯಾಕೆ ಬರೆಯುತ್ತಾರೆ, ಮಕ್ಕಳ ಕಿವಿಗೆ ಮುಂದೆ ಏನಾಗುತ್ತದೆ, ಎಲ್ಲವನ್ನೂ ಹೇಳಿದಳು. ತಂಗವೇಲು ಅವಳ ಬೆನ್ನ ಹಿಂದೆ ನಿಂತು ಎದುರಿನ ಮುಖಗಳು ಒಂದೊಂದಾಗಿ ಬಿಗಿಯುವುದನ್ನು ನೋಡಿದ. ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

ಮಾರಪ್ಪನ್ ಮೊದಲು ಎದ್ದ. ಅವನ ಹಿಂದೆ ಇನ್ನೂ ಐದು ಜನ. ಉಳಿದ ಏಳು ಜನ ಏಳಲಿಲ್ಲ. ಕನ್ನಿಯಮ್ಮಾಳ್ ತಲೆ ತಗ್ಗಿಸಿ ಕೂತೇ ಇದ್ದಳು. ಅವಳ ಮೊಮ್ಮಗು ಈಚೆಗಷ್ಟೇ ಮಾತು ಕಲಿತಿತ್ತು. ಅವಳನ್ನು ಯಾರೂ ಬೈಯಲಿಲ್ಲ. ಬೈಯಬೇಕಾದವರು ಬೇರೆ ಇದ್ದರು.

ಸಹಿ ಹಾಕದವರಿಗೆ ವ್ಯಾನಿಲ್ಲ ಎಂದರು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದರು. ದಾರಿಯಲ್ಲಿ ಒಂದು ಕಡೆ ಪೆರಿಯನಾಯಕಿ ನಿಂತು ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು.

"ಯಾವಾಗಿಂದ ಕೂಗ್ತದೆ, ಸರಿಯಾಗಿ ಹೇಳು ನನ್ನ ಕಣ್ಣೇ" ಎಂದಳು.

ಶಿವಗಾಮಿಗೆ ಅವ್ವ ಕೇಳಿಸಿಕೊಂಡಳೆಂದು ಆಗ ತಿಳಿಯಿತು. ಹೇಳಿದಳು.

ಮನೆಯಲ್ಲಿ ಲಿಂಗಸಾಮಿ ಎಡಗೈ ಮೇಲೆ ಒರಗಿ ಬಾಗಿಲನ್ನೇ ನೋಡುತ್ತ ಇದ್ದ. ಅವಳ ಕಿವಿ ನೋಡಿದ, ಎದೆ ನೋಡಿದ. ಅವಳು ಎಲ್ಲವನ್ನೂ ಹೇಳಿದಳು. ಅವನ ಬಾಯಿ ಕೊಂಕಿ ಕೊಂಕಿ ಏನೋ ಅಂದಿತು. ಏನೆಂದು ಮಗಳನ್ನು ಕೇಳಿದಳು. ಶಿವಗಾಮಿ ಹೇಳಲು ಹಿಂಜರಿದಳು. ಹೇಳು ಎಂದು ಗದರಿದ ಮೇಲೆ, "ಏನಾದ್ರೂ ಬರ್ಕೊಳ್ಳಲಿ, ತಗೊಂಡು ಬರಬೇಕಿತ್ತು ಅಂತಾರೆ ಅಪ್ಪ" 
ಎಂದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಇವಳ ಮುಖ ನೋಡಲಿಲ್ಲ. ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡು, ಕೂಗದೆ ಹಾಗೇ ಇದ್ದ. ಮೂರನೆಯ ದಿನ ಅವಳು ನೂಲಿನ ಎಳೆಗಳನ್ನು ಹೊಸೆದು ಉದ್ದನೆಯ ದಾರ ಮಾಡಿ, ಒಂದು ತುದಿಯನ್ನು ಅವನ ಎಡಗೈ ಬೆರಳಿಗೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಬೇಕಾದಾಗ ಎಳಿ ಮಾವ ಎಂದಳು. ಸಾಯಂಕಾಲದವರೆಗೆ ಅವನು ಎಳೆಯಲಿಲ್ಲ. ಆಮೇಲೆ ಎಳೆದ. ಅವಳು ನೀರು ತಂದು ಕುಡಿಸಿದಳು.

ವಾರ ಕಳೆಯುವುದರೊಳಗೆ ಮಿಲ್ಲಿನಿಂದ ಕಾಗದ ಬಂತು. ಕಿವುಡರನ್ನು ಮಗ್ಗದ ಮೇಲೆ ನಿಲ್ಲಿಸುವುದು ಅಪಾಯ, ಆದ್ದರಿಂದ ಮುಂದಿನ ತೀರ್ಮಾನದವರೆಗೆ ಕೆಲಸಕ್ಕೆ ಬರಬೇಡಿ ಎಂದು. ಕಾಗದ ಬಂದದ್ದು ಎದ್ದು ಬಂದ ಏಳು ಜನಕ್ಕೆ ಮಾತ್ರ. ಸಹಿ ಹಾಕಿದ ಕಿವುಡರಿಂದ ಯಾವ ಅಪಾಯವೂ ಇರಲಿಲ್ಲ. ವೆಲ್ಲಿಂಗಿರಿ ಆ ಚೌಕಳಿ ಕಾಗದ ಹಿಡಿದು ಕಾರ್ಮಿಕರ ಕಚೇರಿಗೆ ಅಲೆಯುತ್ತಿದ್ದಾನೆ. ಅಲ್ಲಿನ ಡಾಕ್ಟರು ಗೆರೆ ನೋಡಿ, ಇದು ಸದ್ದಿನದೇ ಎಂದು ಬಾಯಲ್ಲಿ ಹೇಳಿದ್ದಾನೆ. ಬರೆದುಕೊಡಲು ಇನ್ನೂ ಧೈರ್ಯ ಬಂದಿಲ್ಲ.

ಶಿವಗಾಮಿ ಈಗಲೂ ಅದೇ ಶೆಡ್ಡಿಗೆ ಹೋಗುತ್ತಾಳೆ. ಬೇಡ ಎಂದು ಪೆರಿಯನಾಯಕಿ ಮೂರು ದಿನ ಬಾಗಿಲಿಗೆ ಅಡ್ಡ ಕೂತಳು. ನಾಲ್ಕನೆಯ ದಿನ ಮನೆಯಲ್ಲಿ ಅಕ್ಕಿ ಇರಲಿಲ್ಲ, ಬಾಗಿಲು ಬಿಟ್ಟು ಎದ್ದಳು. ಹುಡುಗಿ ಕಿವಿಗೆ ಹತ್ತಿ ತುರುಕಿಕೊಂಡು ಹೋಗುತ್ತಾಳೆ. ಜೀರುಂಡೆ ಇನ್ನೂ ಹೋಗಿಲ್ಲ. ಪ್ರತಿದಿನ ಅವಳು ಬಂದ ಕೂಡಲೆ ಪೆರಿಯನಾಯಕಿ ಬೆನ್ನ ಹಿಂದೆ ನಿಂತು ಮೆಲ್ಲಗೆ ಅವಳ ಹೆಸರು ಕರೆಯುತ್ತಾಳೆ. ಮೆಲ್ಲಗೆ ಕರೆದೆನೋ ಜೋರಾಗಿ ಕರೆದೆನೋ ಎಂದು ಅವಳಿಗೇ ಗೊತ್ತಾಗುವುದಿಲ್ಲ. ಹುಡುಗಿ ತಿರುಗಿದರೆ ಆ ದಿನಕ್ಕೆ ಉಸಿರು ಬಿಡುತ್ತಾಳೆ.

ಒಂದು ದಿನ ಶಿವಗಾಮಿ ಬಂದು ಊಟಕ್ಕೆ ಕೂತಾಗ ಮಿಲ್ಲಿನ ಸುದ್ದಿ ಹೇಳಿದಳು. ತಂಗವೇಲುವಿಗೆ ಹೊಸ ಅಭ್ಯಾಸ ಬಂದಿದೆಯಂತೆ. ಅವನೊಬ್ಬನಿಗೇ ಅಲ್ಲ, ಆಫೀಸಿನವರಿಗೆಲ್ಲ. ಅಂಗಳದಲ್ಲಿ ಯಾರಾದರೂ ಕೆಲಸಗಾರರು ಕಣ್ಣಿಗೆ ಬಿದ್ದರೆ ಸಾಕು, ತಮ್ಮತಮ್ಮಲ್ಲಿ ಮಾತಾಡುವಾಗ ಕೈ ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಾರಂತೆ. ಕಸ ಗುಡಿಸುವವಳು ಹಾದುಹೋದರೂ ಕೈ ಮೇಲೇರುತ್ತದಂತೆ.

ಪೆರಿಯನಾಯಕಿ ಮಗಳ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಅವಳ ತಾತ ನೂಲು ಕೊಡುವ ಧಣಿಯ ಜಗುಲಿಯ ಕೆಳಗೆ ನಿಂತು, ಉಸಿರು ಸೋಕಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದ. ಅಪ್ಪನೂ ಹಾಗೇ ನಿಂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ಹಿಡ್ಕೊಳ್ಳಲಿ" ಎಂದಳು. ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ ಎಂದಳು. "ರೆಟ್ಟೆ ಸೋಲೋ ತನಕ ಹಿಡ್ಕೊಳ್ಳಲಿ."